ಎರಡು ಕೌಂಟಿಗಳ ನಡುವೆ ವಾಸುದೇವರಾಯರು

ದಾರಿ ಬದಿಯಲ್ಲಿ ಏನೇ ಬರೆದಿದ್ದರೂ ಪೂರ್ತಿ ಓದಿ ಹೇಳದೆ ಮುಂದೆ ಹೋಗಲು ವಾಸುದೇವರಾಯರಿಗೆ ಕಾಲೇ ಬರುವುದಿಲ್ಲ. ಹೆಂಡತಿ ಹಂಸಾ ಇದ್ದಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಅಮೆರಿಕದ ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನಲ್ಲಿ ರಾಯರ ಮಾತಿಗೆ ಗೋಡೆಗಳೇ ಗತಿ. ಹಾಗಾಗಿ ಪಕ್ಕದ ಮನೆಯ ಶೈಲಜಾ, "ಭಾನುವಾರ ಪಿಕ್‌ನಿಕ್ಕಿಗೆ ಬನ್ನಿ ಸರ್" ಎಂದಾಗ ಎರಡು ದಿನ ಮೊದಲೇ ಅಂಗಿ ಇಸ್ತ್ರಿ ಮಾಡಿಟ್ಟರು.

ಎರಡು ಕಾರು. ಒಂದು ಶೈಲಜಾಳದು, ಅದರಲ್ಲಿ ರಾಯರು. ಇನ್ನೊಂದು ಅವಳ ಸ್ನೇಹಿತ ಸುರೇಶನದು. ಫ್ರೀವೇ ಬಿಟ್ಟು ಗುಡ್ಡಗಳ ನಡುವಿನ ಹಳ್ಳಿ ರಸ್ತೆ ಹಿಡಿದರೆ, ಎರಡು ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ಗಡಿಯಲ್ಲಿ ಒಂದು ಕಲ್ಲು. ಅದರ ಮೇಲೆ ಕಂಚಿನ ಫಲಕ, ಫಲಕದಲ್ಲಿ ಆ ಕೌಂಟಿಗಳು ಹುಟ್ಟಿದ ಕಥೆ. ಫೋಟೋ ತೆಗೆಯಲೆಂದು ಎಲ್ಲರೂ ಇಳಿದರು.

"ನೋಡಿ, ಮೊದ್ಲು ಇವೆರಡೂ ಒಂದೇ ಆಗಿತ್ತಂತೆ," ರಾಯರು ಶುರು ಮಾಡಿದರು. "ಗುಡ್ಡದ ಈಚೆಯೋರು ಕೋರ್ಟಿಗೆ ಹೋಗ್ಬೇಕಂದ್ರೆ ಎರಡು ದಿನ..."

"ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಬೋರ್ಡು ಮರೆಯಾಗ್ತಿದೆ," ಎಂದ ಸುರೇಶ್, ಮರುಕ್ಷಣ ತನ್ನ ಫೋನನ್ನು ಅವರ ಕೈಗಿತ್ತ. "ನೀವೇ ತೆಗೆದ್ಬಿಡಿ. ಆಗ ಎಲ್ಲರೂ ಬರ್ತೀವಿ."

ಎಲ್ಲರೂ ಬಂದರು, ರಾಯರೊಬ್ಬರನ್ನು ಬಿಟ್ಟು.

ಅಷ್ಟರಲ್ಲಿ ಸುರೇಶನ ತಾಯಿ ಜಲಜಮ್ಮ ಸೊಂಟ ಹಿಡಿದುಕೊಂಡು ಬಂದರು. "ಶೈಲಜಾ, ನಿನ್ನ ಕಾರಿನ ಸೀಟು ಮೆತ್ತಗಿದೆ ಕಣೆ. ನಾನು ಅಲ್ಲೇ ಕೂತ್ಕೋತೀನಿ."

"ಸರ್, ನೀವು ಸುರೇಶ್ ಕಾರಲ್ಲಿ ಬರ್ತೀರಾ?"

"ಅದಕ್ಕೇನಮ್ಮ, ಆಗ್ಲಿ."

ತಾಯಿ ಆ ಕಾರು ಹತ್ತಿದ್ದನ್ನು ಸುರೇಶ ಕಂಡ, ರಾಯರು ತನ್ನ ಕಾರಿಗೆ ಬರುತ್ತಾರೆಂದು ಮಾತ್ರ ಅವನಿಗೆ ಯಾರೂ ಹೇಳಲಿಲ್ಲ. ರಾಯರೋ ಮೈಸೂರಿನ ಸಂಕೋಚದವರು, ಕರೆಯದೆ ಇನ್ನೊಬ್ಬರ ಕಾರಿನ ಬಾಗಿಲಿಗೆ ಕೈ ಹಾಕುವವರಲ್ಲ. ಕರೆಯಲಿ, ಹೋದರಾಯಿತು ಎಂದು ಫಲಕದ ಕೊನೆಯ ಸಾಲುಗಳತ್ತ ತಿರುಗಿದರು. ಓದಿ ಮುಗಿಸುವಷ್ಟರಲ್ಲಿ ಎರಡೂ ಕಾರು ಹೋಗಿದ್ದವು.

ಅವರ ಸ್ವಂತ ಫೋನು ಶೈಲಜಾಳ ಕಾರಿನ ಚೀಲದಲ್ಲಿತ್ತು. ಕೈಯಲ್ಲಿದ್ದ ಸುರೇಶನ ಫೋನು ಬೀಗ ಬಿಚ್ಚಲಿಲ್ಲ. ಕೋಡುಬಳೆ ಹಂಚುವಾಗ ತಾನಿಲ್ಲದ್ದು ಗೊತ್ತಾಗುತ್ತದೆ ಎಂದುಕೊಂಡರು ರಾಯರು. ಅರ್ಧ ಗಂಟೆಯಾಯಿತು. ಊಟಕ್ಕೆ ತಟ್ಟೆ ಹಾಕುವಾಗ ಗೊತ್ತಾಗದೆ ಇದ್ದೀತೆ?

ಹೊತ್ತು ಹೋಗದೆ ಫಲಕವನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿದರು. ಬೇಲಿಯಾಚೆ ಒಂದು ಹಸು ತಲೆಯೆತ್ತಿ ಕೇಳಿತು, ಅರ್ಧದಲ್ಲೇ ಎದ್ದು ಹೋಯಿತು. ತಮ್ಮನ್ನು ಕೇಳುವವರಿಲ್ಲ ಎಂದು ಈ ಕಡೆಯ ಜನ ಬೇರೆ ಕೌಂಟಿಯನ್ನೇ ಮಾಡಿಕೊಂಡರಂತೆ. ಕೇಳುವವರಿಲ್ಲದಿದ್ದರೂ ಅವರೆಲ್ಲ ಒಟ್ಟಿಗಿದ್ದರಲ್ಲ ಎಂದು ರಾಯರಿಗೆ ಹೊಟ್ಟೆಕಿಚ್ಚಾಯಿತು.

ಒಂದು ಗಂಟೆಯ ಮೇಲೆ ಫೋನು ಬಡಿದುಕೊಂಡಿತು. ಶೈಲಜಾಳ ಹೆಸರು. ರಾಯರ ಎದೆ ತುಂಬಿ ಬಂತು.

"ಹಲೋ, ಯಾರು?" ಸುರೇಶನ ದನಿ.

"ನಾನಪ್ಪ, ವಾಸುದೇವ. ಬೋರ್ಡಿನ ಹತ್ರಾನೇ ಇದೀನಿ."

"ಅಬ್ಬಾ, ಸಿಕ್ತಲ್ಲ. ಊಟ ಬಿಟ್ಟು ಎಲ್ಲರೂ ಹುಡುಕ್ತಿದೀವಿ ಸರ್. ಸಿಗ್ನಲ್ಲು ಸಿಕ್ಕಿದ್ದೇ ಈಗ."

ರಾಯರ ಕಣ್ಣು ಒದ್ದೆಯಾಯಿತು. "ನನ್ನಿಂದ ನಿಮಗೆಲ್ಲ ತೊಂದರೆ ಆಯ್ತು."

"ನಿಮ್ಮಿಂದ ಏನ್ ತೊಂದರೆ ಸರ್, ಇಸ್ಕೊಳ್ಳೋದು ಮರೆತಿದ್ದು ನಾನು. ಹೋದ ವಾರ ತಾನೇ ತಗೊಂಡ ಫೋನು. ಈಗ್ಲೇ ಬಂದೆ. ಬಿಸಿಲಿಗೆ ಮಾತ್ರ ಇಡ್ಬೇಡಿ, ಹಾಳಾಗ್ಬಿಡತ್ತೆ."

ನಡು ಮಧ್ಯಾಹ್ನ. ಸುತ್ತ ಒಂದು ಮರವಿಲ್ಲ, ಕಲ್ಲಿನ ಬುಡದಲ್ಲಿ ಗೇಣುದ್ದ ನೆರಳು. ರಾಯರು ಅಲ್ಲಿ ಕರವಸ್ತ್ರ ಹಾಸಿ ಫೋನನ್ನು ಮಲಗಿಸಿದರು. ತಾವು ಬಿಸಿಲಿನಲ್ಲಿ ನಿಂತು ಅದನ್ನು ಕಾದರು.