ಎರಡೇ ಸೀಟಿನ ಮೋಟಾರು

ಬಿ.ಎ. ಪಾಸಾದಾಗ ಡಾಬಕಾದ ವೈಜಿನಾಥ ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ. ಬೀದರಿನ ಕಚೇರಿಯಲ್ಲಿ ನೌಕರಿ ಸಿಕ್ಕಾಗಲೂ ಮಾಡಿರಲಿಲ್ಲ. ಆದರೆ ಮದುವೆಯಾದ ವರ್ಷವೇ, ತನ್ನ ಬಾಡಿಗೆ ಕೋಣೆಯ ಗೋಡೆಗನ್ನಡಿಯನ್ನು ಸಾಕ್ಷಿಯಾಗಿಟ್ಟುಕೊಂಡು ಅವನು ಮಾಡಿದ ಪ್ರತಿಜ್ಞೆ ಘನಘೋರವಾದದ್ದು.

"ಈ ಸಲ ಸತ್ಯಮ್ಮನ್ನ ತವರಿಂದ ಕರಕೊಂಡು ಬರೋದು ಮೋಟಾರಿನಾಗ. ಆ ಮೋಟಾರಿಗೆ ಎರಡೇ ಸೀಟ ಇರಬೇಕು. ಮೂರನೇದು ಇತ್ತಂದ್ರ ನಾ ವೈಜಿನಾಥನೇ ಅಲ್ಲ."

ಇಷ್ಟು ಆವೇಶಕ್ಕೆ ಕಾರಣವಿತ್ತು. ಮದುವೆಯಾದಂದಿನಿಂದ ಅವನು ಹೆಂಡತಿಯ ಜೊತೆ ಹಗಲು ಬೆಳಕಿನಲ್ಲಿ ಒಂದು ಪೂರಾ ಮಾತು ಆಡಿರಲಿಲ್ಲ. ರಜೆಗೆ ಡಾಬಕಾಕ್ಕೆ ಹೋದರೆ ಸತ್ಯಮ್ಮ ಹಿರಿಯರೆದುರು ಸೆರಗೆಳೆದುಕೊಂಡು ಅಡಿಗೆಮನೆ ಸೇರುವಳು. ದೀಪ ಆರಿದ ಮೇಲೆ ಪಿಸುಗುಟ್ಟೋಣವೆಂದರೆ ಪಡಸಾಲೆಯಿಂದ ಸೋದರತ್ತೆ ಸಖುಬಾಯಿಯ ದನಿ ಬರುವುದು: "ಯಾರಿಗಪ್ಪಾ ನೀರು ಬೇಕು?"

ಪಂಚಮಿಗೆಂದು ಭಾಲ್ಕಿಯಿಂದ ಅಣ್ಣ ಬಂದು ಕರೆದೊಯ್ಯುವಾಗ ಸತ್ಯಮ್ಮ ಗಾಡಿಯೊಳಗಿಂದ ಬಗ್ಗಿ, "ರೀ, ನಿಮಗೊಂದು ಮಾತು ಹೇಳೋದದ..." ಎಂದಿದ್ದಳು. ಅಷ್ಟರಲ್ಲಿ ಎತ್ತು ಎಳೆದವು. ಮಾತು ಗಾಡಿಯ ಜೊತೆ ಭಾಲ್ಕಿಗೆ ಹೋಯಿತು. ಶ್ರಾವಣ ಕಳೆದು ದೀಪಾವಳಿ ಬರುವವರೆಗೆ ವೈಜಿನಾಥ ಆ ಅರ್ಧ ಮಾತನ್ನೇ ಎಲೆ ಅಡಿಕೆಯಂತೆ ಅಗಿದ. ಆ ಮಾತು ಏನಿರಬಹುದು? ಅದನ್ನು ಕೇಳಲಿಕ್ಕಾದರೂ ಹಾದಿಯುದ್ದಕ್ಕೂ ಇಬ್ಬರೇ ಇರಬೇಕು.

ಅವರ ಮನೆಯ ಪದ್ಧತಿ ಅದಕ್ಕೆ ಅಡ್ಡ ನಿಂತಿತ್ತು. ಸೊಸೆಯನ್ನು ಕರೆತರಲು ಗಂಡನ ಜೊತೆ ಮನೆಯ ಹಿರಿಯ ಹೆಂಗಸರು ಹೋಗಲೇಬೇಕು. ತಾಯಿ ಜನಾಬಾಯಿಗೆ "ನೀ ಬರಬ್ಯಾಡ" ಎನ್ನುವ ಎದೆ ವೈಜಿನಾಥನಿಗಿರಲಿಲ್ಲ. ಆದರೆ ಆ ಮಾತನ್ನು ಮೋಟಾರೇ ಹೇಳಿದರೆ? ಸೀಟಿಲ್ಲದಿದ್ದರೆ ಮಗನ ತಪ್ಪೇನು?

ಪೊಲೀಸ್ ಆಕ್ಷನ್ ಆಗಿ ಎರಡನೇ ವರ್ಷ ಅದು. ಜಾಗೀರುಗಳು ಹೋಗಿ, ಹವೇಲಿಗಳ ಮುಂದೆ ನಿಲ್ಲುತ್ತಿದ್ದ ಮೋಟಾರುಗಳು ಒಂದೊಂದಾಗಿ ರಶೀದ ಅಹ್ಮದನ ರಿಪೇರಿ ಅಂಗಡಿಗೆ ಮಾರಾಟಕ್ಕೆ ಬರುತ್ತಿದ್ದವು. ವೈಜಿನಾಥ ಉಳಿಸಿದ ಪಗಾರವನ್ನೆಲ್ಲ ಕಿಸೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋದ.

ರಶೀದ ಒಂದು ಕಪ್ಪು ಮೋಟಾರು ತೋರಿಸಿದ. "ಇದು ನೋಡ್ರಿ ಸಾಬ. ನಾಕು ಸೀಟು, ನಾಕು ಬಾಗಲು. ಇಂಜಿನ್ ಹೊಸಾದಿದ್ದಂಗ ಅದ."

"ಸೀಟ ಜಾಸ್ತಿ ಆಯ್ತು."

"ಜಾಸ್ತಿ?" ರಶೀದ ಕಿವಿ ತೀಡಿಕೊಂಡ. "ಎಲ್ಲಾರೂ ಕಮ್ಮಿ ಆಯ್ತು ಅಂತಾರ್ರಿ."

"ನನಗ ಎರಡೇ ಬೇಕು. ಮಂದಿ ಹಿಡಿಸಿದ್ರ ನಾ ಒಲ್ಲೆ."

ಇನ್ನೊಂದಕ್ಕೆ ಸೀಟೇನೋ ಎರಡೇ ಇದ್ದವು, ಆದರೆ ಇಂಜಿನ್ನೇ ಇರಲಿಲ್ಲ. ಮೂರನೆಯದು ತಗ್ಗಾದ, ಉದ್ದ ಮೂತಿಯ, ಕೆಂಪು ಬಣ್ಣ ಸುಲಿದ ಓಟದ ಮೋಟಾರು. ಮೇಲಿನ ಬಟ್ಟೆ ಹರಿದಿತ್ತು. ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಕಪ್ಪು ಮೋಟಾರಿಗೂ ಇದಕ್ಕೂ ಒಂದೇ ಬೆಲೆ. ಆದರೆ ವೈಜಿನಾಥನ ಪರೀಕ್ಷೆಯೇ ಬೇರೆ. ಅವನು ಒಳಗೆ ಕೂತ. ಪಕ್ಕದಲ್ಲಿ ರಶೀದನನ್ನು ಕೂರಿಸಿದ. ನಡುವೆ ತನ್ನ ಛತ್ರಿಯನ್ನು ತೂರಿಸಿ ನೋಡಿದ. ತೂರಲಿಲ್ಲ. ಛತ್ರಿಯೇ ಹಿಡಿಯದ ಕಡೆ ಅವ್ವ ಹಿಡಿಯುವಳೇ? ಮೋಟಾರು ಪಾಸಾಯಿತು.

"ಹಿಂದಿನ ಈ ಉಬ್ಬು ಏನ್ರಿ?"

ರಶೀದ ಆ ಉಬ್ಬಿಗೆ ಬೆನ್ನು ಕೊಟ್ಟು ನಿಂತ. "ಸಾಮಾನಿನ ಡಬ್ಬಾ ಅದ್ರಿ. ಮುಚ್ಚಳ ಜಾಮ್ ಆಗ್ಯದ. ಅದರ ಗೊಡವಿಗೆ ಹೋಗಬ್ಯಾಡ್ರಿ."

ಮೋಟಾರಿನ ಒಡತಿ ಖುರ್ಷಿದ ಬೇಗಂ ಮುದುಕಿ. ರಶೀದ ಅವನನ್ನು ಆಕೆಯ ಮನೆಗೂ ಕರೆದೊಯ್ದ. ಹೆಂಡತಿಯನ್ನು ಕರೆತರಲು ಮೋಟಾರು ಬೇಕೆಂದಾಗ ಪರದೆಯ ಹಿಂದಿನಿಂದ ಸಣ್ಣ ದನಿ ಬಂತು.

"ಹಮ್ ತೋ ಇಸ್ಮೇ ಹಮೇಶಾ ಪೀಛೇಚ್ ಬೈಠೇ ಬೇಟಾ. ದುಲ್ಹನ್ ಕು ಸಾಮ್ನೇ ಬಿಠಾವ್."

ನಾವು ಇದರಲ್ಲಿ ಯಾವಾಗಲೂ ಹಿಂದೆಯೇ ಕೂತವರು, ನೀನು ನಿನ್ನ ಮದುಮಗಳನ್ನು ಮುಂದೆ ಕೂರಿಸು ಎಂದರ್ಥ. ಎರಡು ಸೀಟಿನ ಮೋಟಾರಿಗೆ 'ಹಿಂದೆ' ಎಲ್ಲಿಂದ ಬಂತು ಎಂದು ವೈಜಿನಾಥ ಯೋಚಿಸಬೇಕಿತ್ತು. ಮುದುಕಿಗೆ ಇನ್ಯಾವುದೋ ಮೋಟಾರಿನ ನೆನಪಾಗಿರಬೇಕೆಂದು ತಲೆಬಾಗಿ ಹೊರಬಿದ್ದ.

ಕೋಟೆಯ ಬಯಲಿನಲ್ಲಿ ಮೋಟಾರು ಹೊಡೆಯಲು ಕಲಿತದ್ದು, ಎರಡು ಮೇಕೆ ಮತ್ತು ಒಬ್ಬ ತಹಸೀಲ ಜವಾನ ಸ್ವಲ್ಪದರಲ್ಲಿ ಬದುಕಿದ್ದು, ಇವೆಲ್ಲ ಬೇರೆ ಮಾತು. ಕಲಿತವನೇ ಊರಿಗೆ ಹೇಳಿಕಳಿಸಿದ: ಮೋಟಾರು ತಗೊಂಡೀನಿ, ಎರಡೇ ಸೀಟು, ಹಿಂಗಾಗಿ ಒಬ್ಬನೇ ಹೋಗಿ ಸತ್ಯಮ್ಮನ್ನ ಕರಕೊಂಡು ಬರ್ತೇನಿ, ಅವ್ವಗ ತ್ರಾಸು ಬ್ಯಾಡ.

ಭಾಲ್ಕಿಯಲ್ಲಿ ಮಾವನ ಮನೆಯ ಮುಂದೆ ಮೋಟಾರು ನಿಲ್ಲಿಸಿದಾಗ ಕಟ್ಟೆಯ ಮೇಲೆ ಎಲೆ ಹಾಕಿಕೊಳ್ಳುತ್ತ ಇಬ್ಬರು ಕೂತಿದ್ದರು. ಜನಾಬಾಯಿ ಮತ್ತು ಸಖುಬಾಯಿ.

"ನೀನು ಹ್ಯಾಂಗ ಬಂದಿ ಅವ್ವಾ?"

"ಗಾಡ್ಯಾಗ ಬಂದ್ವಿ. ಹೆಣ್ಣಮಕ್ಕಳಿಲ್ಲದೇ ಸೊಸಿನ್ನ ಕರಕೊಂಡು ಬಂದ್ರ ಬೀಗರು ಏನಂತಾರ? ಹೊಳ್ಳಿ ಹೋಗಲಿಕ್ಕ ಹೆಂಗೂ ಮೋಟಾರ ಅದ ಅಂತ ಗಾಡಿ ತಿರುಗಿ ಕಳಿಸಿದ್ವಿ."

"ಎರಡೇ ಸೀಟು ಅಂತ ಹೇಳಿಕಳಿಸಿದ್ನಲ್ಲ?"

"ಇಷ್ಟುದ್ದ ಮೋಟಾರಿಗೆ ಎರಡೇ ಸೀಟೇನು? ಯಾವನೋ ನಿನಗ ಟೋಪಿ ಹಾಕ್ಯಾನ" ಎಂದಳು ಸಖುಬಾಯಿ.

ವೈಜಿನಾಥ ಮೋಟಾರಿನ ಒಳಗನ್ನು ತೋರಿಸಿದ. ಛತ್ರಿಯನ್ನೂ ತೂರಿಸಿ ತೋರಿಸಿದ. ಜಾಗವಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡ, ಒಳಗೊಳಗೇ ಕುಣಿದ. ಹಿರಿಯರನ್ನು ಬಸ್ಸಿಗೆ ಕೂರಿಸಿ ಬಿಡುವುದೆಂದು ಮಾತೂ ಆಯಿತು. ಬಾಗಿಲ ಸಂದಿಯಲ್ಲಿ ಸತ್ಯಮ್ಮನ ಬಳೆ ಸಪ್ಪಳವಾಯಿತು.

ಆಗ ಮಾವ ಧೊಂಡಿಬಾ ಎದ್ದ. ಎತ್ತಿನ ವ್ಯಾಪಾರದಲ್ಲಿ ಕೂದಲು ನೆರೆದವನು. ಯಾವ ಪ್ರಾಣಿಯನ್ನೂ ಒಂದು ಸುತ್ತು ಹಾಕದೆ ಬಿಟ್ಟವನಲ್ಲ. ಮೋಟಾರಿನ ಮೂತಿ ಸವರಿದ, ಗಾಲಿಯನ್ನು ಗೊರಸು ನೋಡುವಂತೆ ಬಗ್ಗಿ ನೋಡಿದ, ಮೈಮೇಲೆ ಕೆಟ್ಟ ಸುಳಿ ಇದೆಯೇನೋ ಎಂದು ಹುಡುಕಿದ. ಕೊನೆಗೆ ಹಿಂದೆ ಹೋಗಿ ಆ ಉಬ್ಬಿನ ಮೇಲೆ, ಎತ್ತಿನ ಬೆನ್ನು ತಟ್ಟುವಂತೆ ಬಲವಾಗಿ ಒಂದು ಏಟು ಹಾಕಿದ.

ಮುಚ್ಚಳ ಕಿರ್ರೆಂದು ತೆರೆದು ಹಿಂದಕ್ಕೆ ಒರಗಿತು. ಒಳಗೆ ಕಂದು ಚರ್ಮದ ಮೆತ್ತನೆಯ ಸೀಟು. ಇಬ್ಬರು ಆರಾಮಾಗಿ ಕೂರುವಷ್ಟು ಅಗಲ.

ವೈಜಿನಾಥನ ಕಿವಿಯಲ್ಲಿ ಖುರ್ಷಿದ ಬೇಗಂ ಇನ್ನೊಮ್ಮೆ "ಪೀಛೇಚ್" ಎಂದಳು.

"ಭಲೆ ಅಳಿಯಂದ್ರ," ಧೊಂಡಿಬಾನ ಕಣ್ಣು ತುಂಬಿತ್ತು, "ಹಿರೇರಿಗಂತ ಜಾಗ ಇಟ್ಟು, ಗುಟ್ಟು ಬಿಟ್ಟುಕೊಡಲಾರದೇ ಚೇಷ್ಟಿ ಮಾಡಿದ್ರಿ. ಓದಿದವರಂದ್ರ ಹಿಂಗಿರಬೇಕು."

"ನನ್ನ ಮಗ ಅವ್ವನ್ನ ಮರೀತಾನೇನ್ರಿ?" ಎಂದು ಜನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವೈಜಿನಾಥ ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಆ ಹೊಗಳಿಕೆಗೆ ತಲೆಬಾಗಿದ.

ಹೊರಡುವಾಗ ಅವನು ಕೊನೆಯ ಪ್ರಯತ್ನ ಮಾಡಿದ. "ಅವ್ವಾ, ನೀವಿಬ್ಬರೂ ಹಿಂದ ಮೆತ್ತಗ ಕೂಡ್ರಿ."

"ಅತ್ತಿ ಹಿಂದ, ಸೊಸಿ ಗಂಡನ ಮಗ್ಗಲಾಗ ಮುಂದ? ಹಾದ್ಯಾಗ ಔರಾದ ಮಂದಿ ನೋಡಿ ನಕ್ಕಾರು" ಎಂದು ಜನಾಬಾಯಿ ಬೀಗರು ಕೊಟ್ಟ ಬುತ್ತಿಯ ಬುಟ್ಟಿ ಸಮೇತ ಮುಂದಿನ ಸೀಟಿನಲ್ಲಿ ತುಂಬಿಕೊಂಡಳು. ಸತ್ಯಮ್ಮ ಸಖುಬಾಯಿಯ ಜೊತೆ ಹಿಂದೆ ಏರಿದಳು.

ವೈಜಿನಾಥ ಎದುರಿನ ಸಣ್ಣ ಕನ್ನಡಿಯನ್ನು ಮೆಲ್ಲಗೆ ತಿರುಗಿಸಿದ. ಸಖುಬಾಯಿ ಕಂಡಳು. ಇನ್ನಷ್ಟು ತಿರುಗಿಸಿದ. ಸಖುಬಾಯಿಯ ಇನ್ನೊಂದು ಕಿವಿ ಕಂಡಿತು.

"ಹಾದಿ ನೋಡಪ್ಪಾ" ಎಂದಳು ಅವ್ವ. ಹಾದಿಯುದ್ದಕ್ಕೂ ಅವಳು ರೆಪ್ಪೆ ಬಡಿಯಲಿಲ್ಲ. "ಮೆಲ್ಲಕ." "ತಗ್ಗು ಅದ." "ಆ ಎಮ್ಮಿ ನಿನ್ನೇ ನೋಡಲತ್ತದ." ಔರಾದದಲ್ಲಿ ಚಹಾ ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಕೈಕಾಲು ಆಡಿಸಿರೆಂದು ಹಿರಿಯರಿಬ್ಬರನ್ನೂ ಬೇಡಿಕೊಂಡ.

"ಇಳದ್ರ ಬ್ಯಾರೆ ಯಾರರ ಕೂತಬಿಡ್ತಾರ" ಎಂದಳು ಸಖುಬಾಯಿ. ಚಹಾ ಮೋಟಾರಿಗೇ ಬಂತು.

ಡಾಬಕಾದ ಮನೆಯ ಮುಂದೆ ಹಿರಿಯರಿಬ್ಬರೂ ಮೋಟಾರಿಗೆ ದೃಷ್ಟಿ ತೆಗೆಯಲು ಆರತಿ ತರುತ್ತೇವೆಂದು ಒಳಗೆ ಓಡಿದರು. ಕಡೆಗೂ ಇಬ್ಬರೇ. ತಲೆಯಿಂದ ಕಾಲವರೆಗೆ ಕೆಂಪು ಧೂಳು ಮೆತ್ತಿಕೊಂಡ ಸತ್ಯಮ್ಮ ಕೆಳಗಿಳಿದು ನಿಂತಳು. ವೈಜಿನಾಥ ಒಂದೇ ಉಸಿರಿನಲ್ಲಿ ಕೇಳಿದ.

"ಪಂಚಮಿಗೆ ಹೋಗೋವಾಗ ಏನೋ ಹೇಳಬೇಕಂದಿದ್ದಿ?"

ಸತ್ಯಮ್ಮ ಮೋಟಾರಿನ ಕಡೆ ನೋಡಿದಳು, ಆಮೇಲೆ ಹಿತ್ತಲಿನಲ್ಲಿ ನೊಗ ಇಳಿಸಿ ನಿಂತಿದ್ದ ಗಾಡಿಯ ಕಡೆ.

"ಕರೀಲಿಕ್ಕ ಬರೋವಾಗ ಗಾಡಿನೇ ಹೂಡಿ ನೀವೇ ಹೊಡಕೋತ ಬರ್ರಿ ಅಂತ ಹೇಳಬೇಕಂತಿದ್ದೆ. ಗಾಡಿ ಊರ ಬಿಟ್ಟ ಕೂಡಲೇ ಅತ್ತಿ, ಸೋದರತ್ತಿ ಇಬ್ಬರೂ ಗೊರಕಿ ಹೊಡೀತಾರ. ದಿನಪೂರ್ತಿ ಎದ್ದಿರೋರು ನಾವಿಬ್ಬರೇ" ಎಂದು ಸೆರಗಿನ ಧೂಳು ಕೊಡವಿದಳು. "ಮೋಟಾರಿನಾಗ ಯಾರಿಗ್ರಿ ನಿದ್ದಿ ಬರ್ತದ?"