ಭೀಮನ ಯಜಮಾನ

ಹಂಗಳದ ಶಿವಮಲ್ಲಪ್ಪನ ಸೂರ್ಯಕಾಂತಿ ಹೊಲ ಹೂ ಬಿಟ್ಟಿದ್ದೇ ತಪ್ಪಾಯಿತು. ಹೆದ್ದಾರಿಯ ಕಾರುಗಳೆಲ್ಲ ಅಲ್ಲೇ ನಿಂತು, ಸೆಲ್ಫಿಗೆಂದು ಇಳಿದವರು ಗಿಡಗಳನ್ನು ತುಳಿದು ಹೋಗುತ್ತಿದ್ದರು. ಹೀಗೇ ಬಿಟ್ಟರೆ ಗಾಣಕ್ಕೆ ಒಂದು ಹಿಡಿ ಬೀಜವೂ ಉಳಿಯುವುದಿಲ್ಲವೆಂದು ಹೆದರಿ, ಅವನು ಚಾಮರಾಜನಗರದ ಬೀದಿನಾಯಿಗಳ ಆಶ್ರಯಕ್ಕೆ ಹೋದ. ಬೋನು ಮುರಿಯುವಂತೆ ಬೊಗಳುತ್ತಿದ್ದ ನಾಯಿಯನ್ನೇ ಆರಿಸಿ ತಂದು ಭೀಮ ಎಂದು ಹೆಸರಿಟ್ಟ.

"ಅದು ಸಿಟ್ಟಲ್ಲ ಅಣ್ಣಾ, ಭಯ," ಎಂದಿದ್ದಳು ಅಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಬಿಂದುಶ್ರೀ. "ಕೂಗಾಡೋರ ಹತ್ರ ಬರಲ್ಲ. ಅಲ್ಲಾಡ್ದೆ ಸುಮ್ನಿರೋರ್ನ ಹಚ್ಕೊಳ್ಳುತ್ತೆ. ಹಚ್ಕೊಂಡ್ರೆ ಪ್ರಾಣ ಕೊಡುತ್ತೆ."

ಶಿವಮಲ್ಲಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತಷ್ಟೇ. ಅವನೋ, ಹಲ್ಲುಜ್ಜುವಾಗಲೂ ಯಾರನ್ನಾದರೂ ಬಯ್ಯುವ ಆಸಾಮಿ.

ಹಾಗಾಗಿ ಭೀಮ, ಹೊಲದ ನಡುವೆ ಶಿವಮಲ್ಲಪ್ಪನ ಹಳೇ ಅಂಗಿ ತೊಟ್ಟು ನಿಂತಿದ್ದ ಬೆದರುಬೊಂಬೆಯನ್ನೇ ಯಜಮಾನನೆಂದುಕೊಂಡ. ಇಬ್ಬನಿ ತೊಟ್ಟಿಕ್ಕುವ ಹೂಗಳ ಕೆಳಗೆ, ಆ ಕೋಲುಕಾಲಿಗೆ ಮೈ ಒತ್ತಿ, ಅರೆಗಣ್ಣು ಮುಚ್ಚಿ, ಯಾವುದೋ ಜನ್ಮದ ತಾಯಿಯನ್ನು ಕನಸಿನಲ್ಲಿ ಕಾಣುವವನಂತೆ ಮಲಗಿರುತ್ತಿದ್ದ.

ಅಂದು ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟದಿಂದ ಇಳಿದ ಮಂಜಿನಲ್ಲಿ ಹೂಗಳೆಲ್ಲ ತೇಲುವಂತಿದ್ದವು. ಒಂದು ಕಾರು ನಿಂತಿತು. "ಭೀಮಾ, ಇಡ್ಕೊಳ್ಲಾ!" ಎಂದು ಶಿವಮಲ್ಲಪ್ಪ ಅರಚಿದ. ಭೀಮ ಬೆದರುಬೊಂಬೆಯ ಹಿಂದೆ ಅಡಗಿದ. ಬಂದವರು ಭೀಮನ ಜೊತೆಗೂ ಒಂದು ಸೆಲ್ಫಿ ತೆಗೆದುಕೊಂಡು ಹೋದರು.

ಬದುವಿನ ಮೇಲೆ ಬೀಡಿ ಸೇದುತ್ತಿದ್ದ ಪಕ್ಕದ ಹೊಲದ ಬೀರಯ್ಯ, ಯಾರೂ ಕೇಳದಿದ್ದರೂ, ಬುದ್ಧಿ ಹೇಳಿದ. "ಆ ಬೆರ್ಚಪ್ಪನ್ನ ಕಿತ್ತಾಕ್ಬುಡ್ಲಾ. ಇಬ್ರು ಯಜಮಾನ್ರು ಇದ್ರೆ ನಾಯಿ ಯಾರ್ ಮಾತ್ ಕೇಳಾದು?"

ಶಿವಮಲ್ಲಪ್ಪನಿಗೂ ಸರಿಯೆನಿಸಿತು. ಬೆದರುಬೊಂಬೆಯ ಕುತ್ತಿಗೆ ಹಿಡಿದು ಕಿತ್ತು ಬದುವಿನಾಚೆ ಎಸೆದ. ಇಲ್ಲಿಗೆ ಬಂದಮೇಲೆ ನೊಣಕ್ಕೂ ಬೊಗಳದಿದ್ದ ಭೀಮ ಹಲ್ಲು ಕಿರಿದು ಅವನ ಮೇಲೇ ಹಾರಿ ಬಂದ.

"ಓಡ್ಬ್ಯಾಡ ಕಣ್ಲಾ, ಕಚ್ಬುಡ್ತದೆ! ಅಲ್ಲಾಡ್ದೆ ನಿಂತ್ಕೊ!" ಎಂದು ಕೂಗಿದ ಬೀರಯ್ಯ ತಾನು ಮಾತ್ರ ಊರ ಕಡೆ ಓಟ ಕಿತ್ತ.

ಶಿವಮಲ್ಲಪ್ಪ ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು ನಿಂತ. ಭೀಮ ಮೂಸಿದ. ಅದೇ ಅಂಗಿಯ ವಾಸನೆ, ಅದೇ ಮೌನ. ಬಾಲ ಅಲ್ಲಾಡಿತು. ನಿಟ್ಟುಸಿರು ಬಿಟ್ಟು ಅವನ ಪಾದದ ಮೇಲೆ ತಲೆಯಿಟ್ಟು ಮಲಗಿದ. ಶಿವಮಲ್ಲಪ್ಪನ ಕಣ್ಣು ತುಂಬಿ ಬಂತು. ಕೊನೆಗೂ ತನ್ನ ನಾಯಿ ತನ್ನದಾಯಿತು! ಆ ಖುಷಿಯಲ್ಲಿ ಇನ್ನೊಂದು ಕಾಲೆತ್ತಿದ. ಕೆಳಗಿನಿಂದ 'ಗುರ್' ಎಂದು ಸದ್ದು ಬಂತು. ಎತ್ತಿದ ಕಾಲು ಮೆಲ್ಲಗೆ ಇಳಿಯಿತು.

ಬಿಸಿಲೇರಿತು. "ಮುದ್ದೆ ಆರೋಗ್ತದೆ, ಬಿರ್ರನೆ ಬನ್ನಿ!" ಎಂದು ಹೆಂಡತಿ ಪುಟ್ಟಮಲ್ಲಮ್ಮ ದೂರದಿಂದ ಕೂಗಿದಳು. ಓಗೊಡುವ ಧೈರ್ಯ ಅವನಿಗಿರಲಿಲ್ಲ.

ರಸ್ತೆಯಲ್ಲಿ ಮಿನಿಬಸ್ಸು ನಿಂತಿತು. ಗಿಡಗಳನ್ನು ತುಳಿಯುತ್ತ ಬಂದ ಗುಂಪು ಅವನ ಎಡಬಲಕ್ಕೆ ನಿಂತು ಫೋನೆತ್ತಿತು.

"ನೋಡ್ರೇ," ಎಂದಳು ಒಬ್ಬಳು, ಅವನ ತೋಳಿಗೆ ತನ್ನ ಬ್ಯಾಗು ನೇತುಹಾಕುತ್ತ, "ಬೆದರುಬೊಂಬೆಗೆ ಮೀಸೆ ಎಷ್ಟು ಚೆನ್ನಾಗಿ ಅಂಟಿಸಿದಾರೆ!"