ಎದುರುಮನಿ ಶಂಕ್ರಮ್ಮ ಏನಂತಾಳ?

"ಸುಕನ್ಯಾ, ಅಕಿಗೆ ಸೂಜಿ ಮದವಿ ಆದಮ್ಯಾಲೆ ಹಾಕಿಸಿದ್ರಾತು ಬಿಡು."

"ಸೋರೂ ಮಾಳಗಿಗೆ ಮಣ್ಣು ಮಳಿ ಬಂದಮ್ಯಾಲೆ ಹಾಕ್ತಾರೇನ್ರಿ?"

ಯಲಬುರ್ಗಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಂಪಾಪತಿ ಮಾಸ್ತರರಿಗೆ ಹೆಂಡತಿಯ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ. ಗರ್ಭಕಂಠದ ಕ್ಯಾನ್ಸರ್ ಬಾರದಂತೆ ಹದಿನಾಲ್ಕರ ಹುಡುಗಿಯರಿಗೆ ನಾಳೆ ಶಾಲೆಯಲ್ಲಿ ಲಸಿಕೆ. ಆ ಬಗ್ಗೆ ಬೆಳಿಗ್ಗೆ ಪಾಲಕರ ಮುಂದೆ ಅರ್ಧ ತಾಸು ಭಾಷಣ ಬಿಗಿದು, ರೋಗದ ಹೆಸರನ್ನು ಒಮ್ಮೆಯೂ ಎತ್ತದೆ, ಚಪ್ಪಾಳೆ ಗಿಟ್ಟಿಸಿ ಬಂದಿದ್ದರು. ಸ್ವಂತ ಮಗಳು ಅಮೃತಾಳ ಮಾತು ಬಂದಾಗ ಮಾತ್ರ ಮದುವೆಯ ನೆಪ ತೆಗೆದಿದ್ದರು.

ಸುಕನ್ಯಾ: ಮುಂಜಾನಿ ಊರ ಮಂದಿಗೆಲ್ಲ 'ಅಂಜಬ್ಯಾಡ್ರಿ' ಅಂದವ್ರು ಯಾರು?

ಪಂಪಾಪತಿ: ಅದು ಸರ್ಕಾರಿ ಕೆಲಸ. ಇದು ಮನಿ ವಿಷಯ. ನಾಳಿ ಎದುರುಮನಿ ಶಂಕ್ರಮ್ಮ ಬಂದು, 'ಆ ರೋಗ ಹೆಂಗ ಹತ್ತತೈತಿ' ಅಂತ ಕೇಳಿದ್ರ ಏನ್ ಹೇಳ್ಲಿ?

ಸುಕನ್ಯಾ: ಗಂಡ-ಹೆಂಡ್ತಿ ಕೂಡೂದ್ರಿಂದ ಹತ್ತತೈತಿ ಅಂತ ಹೇಳ್ರಿ.

ಮಾಸ್ತರರು ಎದ್ದು ಹೋಗಿ ಕಿಟಕಿ ಮುಚ್ಚಿದರು.

ಸುಕನ್ಯಾ: ನಿಮ್ಮ ಪುಸ್ತಕದಾಗ ಆ ಪಾಠ ಐತೆಲ್ಲ?

ಪಂಪಾಪತಿ: ಐತಿ. 'ಮನ್ಯಾಗ ಓದಿಕೊಳ್ರಿ' ಅಂದೀನಿ.

ಸುಕನ್ಯಾ: ಮೊನ್ನಿ ಅಮೃತಾ ಮನ್ಯಾಗ ಕೇಳಿದ್ಲು. ಏನಂದ್ರಿ?

ಪಂಪಾಪತಿ: ಸಾಲ್ಯಾಗ ಕೇಳು ಅಂದೆ.

ಸುಕನ್ಯಾ: ಸಾಲ್ಯಾಗ ಯಾರನ್ನ ಕೇಳಬೇಕ್ರಿ? ಅಲ್ಲೂ ನೀವ ಅದೀರಿ.

ಪಂಪಾಪತಿ: ಈಗಿನ ಹುಡುಗ್ರು ಎಲ್ಲಾ ಮೊಬೈಲ್‌ನ್ಯಾಗ ನೋಡ್ಕೋತಾವ.

ಹೇಳಿ ಮುಗಿಸಿದವರೇ ಗಾಬರಿಯಾಗಿ, ಮೇಜಿನ ಮೇಲಿದ್ದ ಮೊಬೈಲನ್ನು ಎತ್ತಿ ಕಪಾಟಿನ ಮೇಲಿಟ್ಟರು.

ಸುಕನ್ಯಾ: ನಿಮ್ಮಕ್ಕ ಸುರೇಖಾ ಯಾತರಿಂದ ತೀರಿಕೊಂಡ್ರು?

ಪಂಪಾಪತಿ: ಹೊಟ್ಟಿಬ್ಯಾನಿ.

ಸುಕನ್ಯಾ: ಕಿಟಕಿ ಮುಚ್ಚೀರಿ, ಈಗೂ ಹೊಟ್ಟಿಬ್ಯಾನೀನ ಏನ್ರಿ?

ಅಕ್ಕನಿಗೆ ಆಗಿದ್ದು ಇದೇ ಕ್ಯಾನ್ಸರು. ನಾಚಿಕೆಗೆ ಅವಳು ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೂ ಮನೆಯವರು ಊರಿಗೆ ಹೊಟ್ಟೆಬೇನೆ ಎಂದೇ ಹೇಳಿದರು. ಅಮೃತಾ ನಕ್ಕರೆ ಥೇಟ್ ಅವಳೇ.

ಪಂಪಾಪತಿ: ಹಾಕಸೋಣು. ಆದ್ರ ಇಲ್ಲಿ ಬ್ಯಾಡ. ಕೊಪ್ಪಳದಾಗೂ ಮಂದಿ ಗುರ್ತು ಹಿಡೀತಾರ. ಗಂಗಾವತಿಗೆ ಕರ್ಕೊಂಡು ಹೋಗು. ಯಾರರ ಕೇಳಿದ್ರ ಹಲ್ಲು ತೋರಸಾಕ ಅನ್ನು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಶಂಕ್ರಮ್ಮನೇ! ಒಳಗೆ ಬಂದವಳು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು.

ಶಂಕ್ರಮ್ಮ: ಮಾಸ್ತರ, ಅಮೃತಾಗ ನಾಳೆ ಸೂಜಿ ಹಾಕಸ್ತೀರೇನ್ರಿ?

ಪಂಪಾಪತಿ: ಅದು... ಅಕಿಗೆ ಹಲ್ಲು...

ಶಂಕ್ರಮ್ಮ: ನಾನೂ ಹಲ್ಲಂತನ ಹೇಳಿದ್ನಿರಿ! ಮೊಮ್ಮಗಳು ವಿಜಯಲಕ್ಷ್ಮೀನ್ನ ಹ್ವಾದವಾರ ಗಂಗಾವತಿಗೆ ಕರ್ಕೊಂಡು ಹೋಗಿ ಹಾಕಿಸ್ಕೊಂಡು ಬಂದೆ. ದವಾಖಾನ್ಯಾಗ ನೋಡಿದ್ರ ನಮ್ಮ ಓಣಿ ಮಂದೀನ ಕುಂತೈತಿ. ಎಲ್ಲಾರಿಗೂ ಹಲ್ಲುಬ್ಯಾನಿ!

ಸುಕನ್ಯಾ: ಯಾರಿಗೆ ಅಂಜಿ ಮುಚ್ಚಿಟ್ರಿ?

ಶಂಕ್ರಮ್ಮ: ಮತ್ಯಾರಿಗೆ? ಮಾಸ್ತರಿಗೆ. ಪುಸ್ತಕದಾಗಿನ ಪಾಠ ಹೇಳಾಕ ನಾಚೂ ಮನಷ್ಯಾ, ಗೊತ್ತಾದ್ರ ಏನಂತಾರೋ ಅಂತ ಎಲ್ಲಾರೂ ಅಂಜೇವಿ. ಸುರೇಖಾ ನನ್ನ ಕಣ್ಣ ಮುಂದ ಸವದು ಹ್ವಾದ್ಲು, ಮಾಸ್ತರ. ಅದು ಹೊಟ್ಟಿಬ್ಯಾನಿ ಅಲ್ಲಂತ ಓಣಿಗೆಲ್ಲ ಗೊತ್ತಿತ್ತು. ನೀವು ಹೇಳಲಿಲ್ಲ, ನಾವು ಕೇಳಲಿಲ್ಲ. ಅಮೃತಾಗರ ಹಾಕಸ್ರಿ.

ಮಾಸ್ತರರು ಹೋಗಿ ಕಿಟಕಿ ತೆರೆದರು.

ಪಂಪಾಪತಿ: ಅಮೃತಾ! ನಾಳೆ ಸಾಲ್ಯಾಗ ಮೊದಲ ಸೂಜಿ ನಿಂದ. ಈಗ ವಿಜ್ಞಾನ ಪುಸ್ತಕ ತೊಗೊಂಡು ಬಾ. ಬಿಟ್ಟ ಪಾಠ ಹೇಳ್ತೀನಿ.

ಒಳಗಿನಿಂದ ದನಿ ಬಂತು:

"ಅಪ್ಪಾ, ಅರ್ಥ ಆಗ್ಲಿಲ್ಲಂದ್ರ ಎಲ್ಲಿ ಕೇಳ್ಲಿ? ಮನ್ಯಾಗೋ, ಸಾಲ್ಯಾಗೋ?"